ಕಪ್ಪೆ ಮಾಸ್ತರರ ಕೈ

ಸೊನ್ನದ ಬ್ಯಾರೇಜಿನ ಕೆಳಗೆ ಕೌದಿ ತೊಳೆಯುತ್ತಿದ್ದ ಮುದುಕಿ ಸಕ್ಕುಬಾಯಿಗೆ ದೌಲತರಾಯ ಮಾಸ್ತರರು ಮೊದಲು ಕಂಡದ್ದು ಮೊಣಕಾಲುದ್ದ ಕೆಸರಿನಲ್ಲಿ, ಒಂದು ಕಪ್ಪೆಗೆ "ಬರ್ರಿ, ಹೆದರಬ್ಯಾಡ್ರಿ" ಎನ್ನುತ್ತಾ. ಕಪ್ಪೆಯ ಮೈಬಣ್ಣ ಬದಲಾಗುವುದನ್ನು ಪರೀಕ್ಷಿಸಲು ಅವರು ಮನೆಯಲ್ಲಿಟ್ಟಿದ್ದ ತೊಟ್ಟಿಗಳ ನೀರು ಬದಲಿಸುವ ಕೆಲಸ ಅಂದಿನಿಂದ ಅವಳದು. ಹೆಂಡತಿಗೆ ‘ಬೇ’ ಎನ್ನುವ ಮನುಷ್ಯ ಕಪ್ಪೆಗೆ ‘ರೀ’ ಎನ್ನುವರು. ಊಟ ಮರೆತಾರು, ಕಪ್ಪೆ ಬೆಳ್ಳಗಾಗುವ ಬಿಳಿ ತೊಟ್ಟಿ, ಕಪ್ಪಗಾಗುವ ಕರಿ ತೊಟ್ಟಿ ಮರೆಯರು. "ಇವರ ತಲ್ಯಾಗ ಕಡ್ಲಿಕಾಳಿಗಿಂತ ಸಣ್ಣ ಗ್ರಂಥಿ ಅದರಿ. ಡೋಪಮೈನ್ ಅನ್ನೋ ಮಿದುಳಿನ ರಸ ಅದರ ಲಗಾಮು. ಬಿಗಿ ಇದ್ರ ಮೈ ಬೆಳ್ಳಗ, ಸಡಲಾದ್ರ ಕಪ್ಪಗ" ಎಂದು ಹಾಲಿನವನಿಗೂ ಹೇಳುವರು. ಈ ವರ್ಷ ಅವರ ಬಲಗೈ ನಡುಗತೊಡಗಿತು. "ನಿಮ್ಮ ಲಗಾಮೂ ಸಡಲಾತೇನ್ರಿ ಮಾಸ್ತರ?" ಎಂದು ಸಕ್ಕುಬಾಯಿ ಚೇಷ್ಟೆ ಮಾಡಿದಳು. "ಹೌದ್ರಿ ಆಯಿ, ಅದೇ ಡೋಪಮೈನ್ ನನ್ನ ತಲ್ಯಾಗ ಬತ್ತಾಕತ್ತದ, ಅದಕ್ಕ ಕೈ ನಡಗತದ" ಎಂದರು, ನಗದೆ. ಒಂದು ದಿನ ಬಣ್ಣ ಬದಲಿಸುವ ಔಷಧಿ ಚುಚ್ಚುವಾಗ ಸೂಜಿ ಮೂರು ಸಲ ತಪ್ಪಿ ಕಪ್ಪೆಯ ತೊಡೆಯಲ್ಲಿ ರಕ್ತ ಬಂತು. ಕೌದಿ ಹೊಲಿದು ಪಳಗಿದ ಅವಳ ಬೆರಳುಗಳನ್ನು ನೋಡುತ್ತಾ ಅವರು ಕೊನೆಗೆ ಕೇಳಿದ್ದು ಇಷ್ಟೇ: "ಆಯಿ, ಇನ್ಮ್ಯಾಲ ನೀವ ಚುಚ್ತೀರೇನ್ರಿ?"