ತಂತಿ ಬಿಚ್ಚಿದ ಮೇಲೂ ನಾಲ್ಕು ಡಿಗ್ರಿ

ಯಾರಾದರೂ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ, ಇವರ ತಲೆಯ ವೈರಿಂಗ್ ಸರಿಯಿಲ್ಲ ಎಂದುಕೊಳ್ಳುತ್ತಿದ್ದವನು ನಾನು. ಮಲಗುವ ಮುನ್ನ ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುವ ಅಂಜುಬುರುಕ ನಿಜ. ಆದರೆ ನಾನು ಅಂಜುತ್ತಿದ್ದುದು ಸೋರಿಕೆಗೆ, ದೆವ್ವಕ್ಕಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಸದಲಗಾ ಹತ್ತಿರದ ಒಂದು ಹಾಲಿನ ಶೀತಲ ಕೇಂದ್ರದಲ್ಲಿ ಮೀಟರುಗಳ ರಿಪೇರಿ ನನ್ನ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ. ಟ್ಯಾಂಕಿನ ಉಷ್ಣತೆ ಆಫೀಸಿನಲ್ಲೇ ಕಾಣಲೆಂದು ನಾನೇ ಒಂದು ಸರ್ಕ್ಯೂಟ್ ಕಟ್ಟಿದ್ದೆ. ಹಾಲಿನಲ್ಲಿರುವ ಸೆನ್ಸರಿಗೆ ಅದು ಸದಾ ಒಂದೇ ಪ್ರಮಾಣದ ಕರೆಂಟ್ ಹರಿಸುತ್ತದೆ. ಹಾಲು ಬಿಸಿಯಾದಂತೆ ಸೆನ್ಸರಿನ ರೋಧ ಹೆಚ್ಚುತ್ತದೆ, ವೋಲ್ಟೇಜ್ ಏರುತ್ತದೆ, ಮೀಟರಿನ ಮುಳ್ಳು ಮೇಲೆ ಹೋಗುತ್ತದೆ. ತಂತಿ ಕಡಿದರಂತೂ ಮುಳ್ಳು ಸೀದಾ ತುದಿಗೆ ಹೋಗಿ ಬಡಿಯಲೇಬೇಕು. ಹಟಮಾರಿ, ಆದರೆ ಸುಳ್ಳು ಹೇಳದ ಸರ್ಕ್ಯೂಟ್ ಎಂಬ ಹೆಮ್ಮೆ ನನಗೆ. ಆ ಹೆಮ್ಮೆಯಲ್ಲೇ, ದಿನಾ ಟ್ಯಾಂಕಿಗೆ ಗಾಜಿನ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದ ಗೆಳೆಯ ರಾವಸಾಬನಿಗೆ, "ಅದನ್ನ ಕಪಾಟಿನ್ಯಾಗ ಇಡಲೇ, ಜ್ವರ ಬಂದ್ರ ಬಾಯಾಗ ಇಟ್ಕೊಳ್ಳಾಕ ಬರ್ತೈತಿ" ಎಂದೆ. ಅವನು ಇಟ್ಟೇಬಿಟ್ಟ.

ಒಂದು ಮುಂಜಾನೆ ಮುಚ್ಚಳ ತೆಗೆದರೆ ಹುಳಿ ವಾಸನೆ. ತಂಪು ಮಾಡುವ ಯಂತ್ರ ಯಾವಾಗಲೋ ನಿಂತು ಇಡೀ ಟ್ಯಾಂಕಿನ ಹಾಲು ಕೆಟ್ಟಿತ್ತು. ಆಫೀಸಿಗೆ ಓಡಿ ಮೀಟರ್ ನೋಡಿದೆ: ನಾಲ್ಕು ಡಿಗ್ರಿ. ಮೀಟರಿನ ಹಿಂದೆ ಸೆನ್ಸರಿನಿಂದ ಬಂದ ಎರಡೂ ತಂತಿ ಬಿಚ್ಚಿದೆ. ಆಗಲೂ ನಾಲ್ಕೇ! ರಾವಸಾಬನನ್ನು ಕೂಗಿದೆ.

"ತಂತಿ ನನ್ನ ಕೈಯಾಗ ಐತಿ, ಮುಳ್ಳು ನಾಲ್ಕಕ್ಕ ನಿಂತೈತಿ, ನೋಡಲೇ!"

ಅವನು ಬಗ್ಗಿ ನೋಡಿದ. "ಯಪ್ಪಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಮ್ಯಾನೇಜರರನ್ನು ಕರೆತರುವಷ್ಟರಲ್ಲಿ ಮುಳ್ಳು ತುದಿಯಲ್ಲಿತ್ತು, ಸಭ್ಯವಾಗಿ.

"ಮೀಟರ್ ಚಲೋನ ಐತಲ್ಲ. ಹಾಲು ಬಿಸಿ ಆಗಿದ್ದನ್ನ ನೀನ ನೋಡಿಲ್ಲ" ಎಂದರು ಅವರು. ನಾನು ಸಾಕ್ಷಿಗೆಂದು ರಾವಸಾಬನ ಕಡೆ ತಿರುಗಿದೆ.

"ನಾ ಏನೂ ನೋಡಿಲ್ರಿ, ಸಾಹೇಬ್ರ" ಎಂದ ಅವನು, ನೆಲ ನೋಡುತ್ತ.

ಅವತ್ತೇ ನನ್ನ ಕೆಲಸ ಹೋಯಿತು. ಸರ್ಕ್ಯೂಟ್ ಕೈಕೊಟ್ಟದ್ದನ್ನು ಹೇಗೋ ಸಹಿಸಿದೆ. ಅವನು ಕೈಕೊಟ್ಟದ್ದನ್ನು ಸಹಿಸಲಾಗಲಿಲ್ಲ.

ಏಳೆಂಟು ವರ್ಷದ ಮೇಲೆ ಕುಡಚಿ ಸ್ಟೇಷನ್ನಿನಲ್ಲಿ ರಾವಸಾಬ ಸಿಕ್ಕ, ಚಹಾ ಕುಡಿಸಿದ. "ಯಾಕಲೇ ಹಂಗ ಮಾಡಿದಿ?" ಎಂದು ಕೇಳಿಯೇಬಿಟ್ಟೆ.

"ನೀ ನಾಲ್ಕು ನಾಲ್ಕು ಅಂತ ಒದರಾಕತ್ತಿದ್ದಿ. ನನಗ ಮುಳ್ಳು ಮೂವತ್ತರ ಮ್ಯಾಲ ಕಾಣಾಕತ್ತಿತ್ತು. ಅದನ್ನ ಹೇಳಿದ್ರ, ಮೀಟರ್ ತೋರಿಸಿದ್ರೂ ನೀ ನೋಡಿಲ್ಲ ಅಂತ ನಿನ್ನ ಕುತ್ತಿಗಿಗೇ ಬರ್ತಿತ್ತಪಾ. ಅದಕ್ಕ ಏನೂ ನೋಡಿಲ್ಲ ಅಂದ್ನಿ."

ತಂತಿ ಬಿಚ್ಚಿದ ಮೀಟರಿನಲ್ಲಿ ನಾಲ್ಕೂ ಬರುವಂತಿಲ್ಲ, ಮೂವತ್ತೂ ಬರುವಂತಿಲ್ಲ. ಅವನು ತಪ್ಪು ಮುಚ್ಚಿಕೊಳ್ಳಲು ಕಥೆ ಕಟ್ಟಿದನೋ, ನಿಜವಾಗಿ ಹಾಗೆ ಕಂಡಿತೋ, ನನಗೆ ಇಂದಿಗೂ ಗೊತ್ತಿಲ್ಲ. ಅವನನ್ನು ಕ್ಷಮಿಸಬೇಕೆಂದರೆ ಅವನ ಮಾತು ನಂಬಬೇಕು; ನಂಬಿದರೆ ಅವತ್ತು ನಾನು ನೋಡಿದ್ದೇನು?