ಕನಸಿನಲ್ಲಿ ಗೊತ್ತಾದ ಸಂಬಂಧ

ನಮ್ಮ ಆಳಂದದ ಚರ್ಚಿನ ಹಿರಿಯರೊಬ್ಬರಿಗೆ ದೇವರು ಆಗಾಗ ಕನಸಿನಲ್ಲಿ ಅಪ್ಪಣೆ ಕೊಡುತ್ತಿದ್ದ. ಆ ಅಪ್ಪಣೆ ಒಮ್ಮೆಯಾದರೂ ಅವರ ಇಷ್ಟಕ್ಕೆ ವಿರುದ್ಧವಾಗಿ ಬಂದದ್ದನ್ನು ನಾನು ಕಾಣೆ. ಒಂದು ಭಾನುವಾರ ಆರಾಧನೆ ಮುಗಿಸಿ ನಮ್ಮ ಮನೆಗೆ ಬಂದವರು ಚಹಾ ಕುಡಿಯುತ್ತ, "ನಿಮ್ಮ ಮಗಳು ನಮ್ಮ ತಮ್ಮನ ಮಗಗ ಅಂತ ಸ್ವಾಮಿ ತೋರಿಸ್ಯಾನ್ರಿ" ಎಂದರು.

ದೇವರ ಚಿತ್ತಕ್ಕೆ ಅಡ್ಡ ಬರುವ ಧೈರ್ಯ ನನಗಿರಲಿಲ್ಲ. ನನ್ನ ಹೆಂಡತಿ ಮಾತ್ರ, "ನಮಗೂ ಒಂದೀಟು ತೋರಿಸ್ಲಿ ತಡೀರಿ, ನಾವೂ ಪ್ರಾರ್ಥನಿ ಮಾಡ್ತೇವಿ" ಎಂದಳು. ನರ್ಸ್ ಆಗಿರುವ ಮಗಳು, "ಮೊದ್ಲ ಆ ಹುಡುಗನ್ನ ಕೇಳೂಣು" ಎಂದಳು.

ಎಲ್ಲರೂ ಜೇವರ್ಗಿಯ ಹುಡುಗನ ಮನೆಗೆ ಹೋದೆವು. ಹಿರಿಯರು ಪಲ್ಯ ಆರುವಷ್ಟು ಹೊತ್ತು ಪ್ರಾರ್ಥಿಸಿದರು. ಊಟವಾದ ಮೇಲೆ ಮಗಳು ಎಲ್ಲರೆದುರೇ ಹುಡುಗನನ್ನು ಕೇಳಿದಳು: "ನಿಮಗೂ ಸ್ವಾಮಿ ಹಿಂಗ ಹೇಳ್ಯಾನೇನ್ರಿ?"

ಅವನು ಬೆವರು ಒರೆಸಿಕೊಂಡ. "ಇಲ್ರಿ. ನನಗ ಅಫಜಲಪುರದ ಹುಡುಗಿ ಅಂತ ಹೇಳ್ಯಾನ. ದೊಡ್ಡಪ್ಪಗ ಇನ್ನಾ ಹೇಳಿಲ್ಲ ಅನಸ್ತದ್ರಿ."

ಮಗಳು ಬಿದ್ದು ಬಿದ್ದು ನಕ್ಕಳು. ಸ್ವಲ್ಪ ತಡೆದು ಹುಡುಗನ ತಾಯಿಯೂ ನಕ್ಕರು.

ಆ ಬೇಸಿಗೆಯಲ್ಲೇ ಅಫಜಲಪುರದ ಹುಡುಗಿಯ ಜೊತೆ ಅವನ ಮದುವೆಯಾಯಿತು. ಈ ಜೋಡಿಯನ್ನು ಸ್ವಾಮಿ ತಮಗೆ ಬಹಳ ಹಿಂದೆಯೇ ತೋರಿಸಿದ್ದನೆಂದು ಹಿರಿಯರು ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. ನಾನು ಗಟ್ಟಿಯಾಗಿ ಆಮೆನ್ ಎಂದೆ.

ನಮ್ಮ ಮನೆಯಲ್ಲಿ ಈಗಲೂ ದೇವರ ಚಿತ್ತ ತಿಳಿಯಲು ಮೊಣಕಾಲೂರುತ್ತೇವೆ. ಆಮೇಲೆ ಎದ್ದು, ಸಂಬಂಧಪಟ್ಟವರನ್ನು ಒಂದು ಮಾತು ಕೇಳುತ್ತೇವೆ.