ನೆಂಟರಿಲ್ಲದ ಊರು ಬೇಕಾಗಿತ್ತು

ನಾನು ಮಾನವಶಾಸ್ತ್ರದಲ್ಲಿ ಪದವಿ ಪಡೆದವನು ಎಂದರೆ ಜನ ನನ್ನನ್ನು ಮನುಷ್ಯರ ಒಳಹೊರಗು ಬಲ್ಲವನೆಂದು ತಿಳಿಯುತ್ತಾರೆ. ಆ ಭ್ರಮೆ ಇಲ್ಲದವಳು ನನ್ನ ಹೆಂಡತಿ ಒಬ್ಬಳೇ.

ಐವತ್ತರ ದಶಕದ ಕೊನೆಯಲ್ಲಿ ಆ ಪದವಿಗೆ ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು, ಕೈವಾರದಂಥ ಸಲಕರಣೆ ಹಿಡಿದು ಜನರ ತಲೆ ಅಳೆಯುವುದನ್ನೂ ಕಲಿಯಬೇಕಿತ್ತು. ಅದರಲ್ಲಿ ನಾನು ನಿಸ್ಸೀಮ. ಹಾಸ್ಟೆಲಿನ ಅಡುಗೆ ಭಟ್ಟರೂ ನನ್ನಿಂದ ತಪ್ಪಿಸಿಕೊಂಡಿರಲಿಲ್ಲ. ಕಷ್ಟದ್ದು ಕೊನೆಯ ಕೆಲಸ. ಒಂದು ಹಳ್ಳಿಯಲ್ಲಿ ತಿಂಗಳ ಕಾಲ ಇದ್ದು ಅಲ್ಲಿಯವರ ನೆಂಟಸ್ತಿಕೆಯ ಚಾರ್ಟು ಬರೆಯಬೇಕು. ಆ ಊರಿನಲ್ಲಿ ವಿದ್ಯಾರ್ಥಿಗೆ ನೆಂಟರಿರಬಾರದು. ಇದ್ದರೆ ಚಾರ್ಟು ರದ್ದು, ಒಂದು ವರ್ಷ ಹಾಳು. ಹೊರಗಿನವನ ಕಣ್ಣಿಗೇ ಎಲ್ಲವೂ ಸರಿಯಾಗಿ ಕಾಣುವುದೆಂದು ನಮ್ಮ ಮೇಷ್ಟ್ರ ನಂಬಿಕೆ.

ನಮ್ಮದು ಅರಕಲಗೂಡು. ನಾನು ಬುದ್ಧಿವಂತಿಕೆಯಿಂದ, ನಮ್ಮವರು ಯಾರೂ ಇಲ್ಲವೆಂದುಕೊಂಡು, ಚನ್ನರಾಯಪಟ್ಟಣದ ಕಡೆಯ ಬಾಗೂರನ್ನು ಆರಿಸಿಕೊಂಡೆ. ಅಲ್ಲಿ ಯಾರನ್ನು ಏನು ಕೇಳಿದರೂ ಒಂದೇ ಉತ್ತರ: "ನಂಜಮ್ಮಾರ್ನ ಕೇಳಿ ಸಾ." ಎಪ್ಪತ್ತು ದಾಟಿದ ನಂಜಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ನೋಟ್‌ಬುಕ್ಕು ಬಿಚ್ಚುವಷ್ಟರಲ್ಲಿ ಅವರೇ ಶುರು ಮಾಡಿದರು.

"ಯಾವೂರಪ್ಪ ನಿಮ್ದು? ನಿಮ್ಮವ್ವನ ತೌರು ಯಾವ್ದು?"

"ಹೊಳೆನರಸೀಪುರ. ದೊಡ್ಡಬಾವಿ ಮನೆ."

ಸುಲಿಯುವ ಕೈ ನಿಂತಿತು. "ದೊಡ್ಡಬಾವಿ ಮನೆಯೋರಾ? ನಿಮ್ಮವ್ವನ ಸೋದರತ್ತೆ ನನ್ನ ವಾರಗಿತ್ತಿ. ಅಂಗಾರೆ ನೀನು ನಂಗೆ ಮೊಮ್ಮಗ ಆಗ್ಬೇಕು ಕಣ್ಲಾ!"

ಎರಡೇ ಪ್ರಶ್ನೆಯಲ್ಲಿ ನಾನು 'ಅಪ್ಪ'ನಿಂದ 'ಕಣ್ಲಾ'ಗೆ ಇಳಿದಿದ್ದೆ. ಒಂದು ವರ್ಷ ಹಾಳಾಯಿತೆಂದುಕೊಂಡೆ. ಆದರೆ ಅಲ್ಲಿಂದಾಚೆಗೆ ಊರು ಬಾಯಿ ಬಿಟ್ಟಿತು. ತಮಗೆ ಏನಾಗಬೇಕೆಂದು ತಿಳಿಯದವನ ಹತ್ತಿರ ಮನೆಯ ಮಾತು ಆಡುವುದಾದರೂ ಹೇಗೆ?

ನಂಜಮ್ಮನಿಗೆ ಓದು ಬರಹವಿಲ್ಲ. ಮೊರದ ಮೇಲೆ ಅವರೆಕಾಳು ಸಾಲಾಗಿ ಇಟ್ಟು ಇಡೀ ಊರಿನ ನಾಲ್ಕು ತಲೆಮಾರು ಹೇಳಿದರು. ಅಕ್ಕನ ಮಗಳನ್ನೇ ಮದುವೆಯಾದವರ ಸರದಿ ಬಂದಾಗ ನಾನು ಸ್ಕೇಲಿಟ್ಟು ಎಳೆದ ಗೆರೆಗಳು ಸಿಕ್ಕುಬಿದ್ದವು. ಒಬ್ಬಳೇ ಹೆಂಗಸು ಎರಡು ಸಾಲಿನಲ್ಲಿ ಕೂತಳು. ನಂಜಮ್ಮ ಒಂದು ಕಾಳನ್ನು ಬೆರಳಿನಿಂದ ಮೇಲಕ್ಕೆ, ಗಂಡನ ಸಾಲಿಗೆ, ತಳ್ಳಿದರು, ಅಷ್ಟೆ. ಅಂಥ ನೆನಪನ್ನು, ಅಂಥ ಚೊಕ್ಕ ತಲೆಯನ್ನು ನಾನು ಆಮೇಲೆ ಯಾವ ದೊಡ್ಡ ಪಂಡಿತರಲ್ಲೂ ಕಾಣಲಿಲ್ಲ. ಆ ತಲೆಯನ್ನು ಅಳೆಯುವ ಧೈರ್ಯವೂ ನನಗಾಗಲಿಲ್ಲ.

ಹೊರಡುವ ದಿನ ನಂಜಮ್ಮ ಚಾರ್ಟನ್ನು ನನ್ನಿಂದ ಓದಿಸಿ ಕೇಳಿದರು. "ನೀನೆಲ್ಲಿದ್ದೀಯ್ಲಾ ಇದ್ರಾಗೆ?"

ನಿಯಮ ಹೇಳಿದೆ. ನಾನು ಒಳಗೆ ಬಂದರೆ ಫೇಲು.

"ನಿನ್ನ ಬುಟ್ಟು ಬರುದ್ರೆ ನಾ ಯೋಳಿದ್ದು ಸುಳ್ಳಾಗಾಕಿಲ್ವೇನ್ಲಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನನಗೆ ನಾಚಿಕೆಯಾಯಿತು. ಅವರ ಎದುರಿನಲ್ಲೇ ಮೂಲೆಯಲ್ಲಿ ಗಂಡಸಿನ ಗುರುತಾದ ಒಂದು ಪುಟ್ಟ ತ್ರಿಕೋನ ಬರೆದು, ಗೆರೆ ಎಳೆದು, ಅವರ ಮನೆಗೆ ಸೇರಿಸಿದೆ.

ಪರೀಕ್ಷೆಯ ದಿನ ಮೇಷ್ಟ್ರ ಪೆನ್ನು ನೇರವಾಗಿ ಆ ಮೂಲೆಗೇ ಹೋಯಿತು. "ಇದು ಯಾರು?"

"ನಾನೇ ಸಾರ್," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ವರ್ಷ ಹೋಯಿತೆಂದೇ ಲೆಕ್ಕ. ಮೇಷ್ಟ್ರು ಕನ್ನಡಕ ತೆಗೆದರು. ಚಾರ್ಟಿನ ಮೇಲೆ ಬಗ್ಗಿದರು. ಆಮೇಲೆ ದನಿ ತಗ್ಗಿಸಿ, "ಹೊಳೆನರಸೀಪುರದ ದೊಡ್ಡಬಾವಿ ಮನೆ ಅಂದ್ರಾ? ಹಾಸನದಲ್ಲಿ ನಮ್ಮ ಚಿಕ್ಕಮ್ಮನ ಬೀಗರೂ ಅದೇ ಮನೆಯವರು. ನೀವು ನಮಗೆ ಏನಾಗಬೇಕು?" ಎಂದರು.

"ಗೊತ್ತಿಲ್ಲ ಸಾರ್. ಬಾಗೂರಿನ ನಂಜಮ್ಮನವರನ್ನ ಕೇಳಬೇಕು."

ಮೇಷ್ಟ್ರು ನನ್ನನ್ನು ಪಾಸು ಮಾಡಿದರು. ನಂಜಮ್ಮನ ವಿಳಾಸವನ್ನೂ ಬರೆದುಕೊಂಡರು.